ವಿಜಯದಶಮಿಯಂದು ಹುಟ್ಟಿದ ಪುರಾತನ ಅಡಿಕೆ

ಮಣಿಪಾಲದಲ್ಲಿ ಹೆಸರಿನ ಮುಂದೆ ‘ಡಾ.’ ಇಟ್ಟುಕೊಂಡೂ ಕಾಯಿಲೆ ಗುಣಮಾಡಲು ಬಾರದವನ ಪಾಡು ಏನೆಂಬುದನ್ನು ಈ ಕಸುಬಿಗೆ ಬರುವ ಎಳೆಯರು ಮೊದಲೇ ತಿಳಿದುಕೊಳ್ಳುವುದು ಒಳ್ಳೆಯದು. ಕಾಪುವಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದ ನನಗೆ ಈ ಸಂಭಾಷಣೆ ಬಾಯಿಪಾಠವಾಗಿತ್ತು.

“ಡಾಕ್ಟ್ರಾ? ಯಾವ ಬ್ಲಾಕಿನಲ್ಲಿ ಕೂತುಕೊಳ್ಳುವುದು ನೀವು?”

“ನಾನು ಪರಾಗದ ಡಾಕ್ಟರು. ಹೂವಿನ ಪರಾಗ.”

“ಓ, ಅಲರ್ಜಿಯದ್ದು! ನನಗೆ ಬೆಳಿಗ್ಗೆ ಎದ್ದ ಕೂಡಲೇ ಇಪ್ಪತ್ತು ಸೀನು ಉಂಟು ಮಾರಾಯ್ರೆ...”

“ನನ್ನದು ಸತ್ತು ಸಾವಿರಾರು ವರ್ಷ ಆದ ಪರಾಗ.”

ಇಷ್ಟಾದ ಮೇಲೆ ಅವರು ಕಿಟಕಿಯ ಕಡೆ ತಿರುಗಿ ಉಳಿದ ದಾರಿಯುದ್ದಕ್ಕೂ ಪ್ರಕೃತಿವೀಕ್ಷಣೆ ಮಾಡುತ್ತಿದ್ದರು. ಕೆಲವರು ಸೀಟು ಬದಲಿಸಿದ್ದೂ ಉಂಟು.

ಆದರೂ ಹೇಳುತ್ತೇನೆ, ಇದಕ್ಕಿಂತ ರೋಮಾಂಚಕಾರಿ ಕೆಲಸ ಭೂಮಿಯ ಮೇಲಿಲ್ಲ. ಇದು ನಿವೃತ್ತನ ಅತಿಶಯೋಕ್ತಿಯಲ್ಲ, ಪ್ರಮಾಣ ಮಾಡಿ ಹೇಳುವ ಮಾತು. ಪರಾಗದ ಒಂದು ಕಣ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಆದರೆ ಅದರ ಹೊರಕವಚದಷ್ಟು ಹಟಮಾರಿ ವಸ್ತು ಸಸ್ಯಲೋಕದಲ್ಲಿ ಮತ್ತೊಂದಿಲ್ಲ. ಹೂವು ಬಾಡುತ್ತದೆ, ಮರ ಬಿದ್ದು ಮಣ್ಣಾಗುತ್ತದೆ. ಕೆಸರಿನಲ್ಲಿ ಹೂತುಹೋದ ಪರಾಗದ ಕವಚ ಮಾತ್ರ ಹಾಗೆಯೇ ಇರುತ್ತದೆ. ಪ್ರತಿ ಗಿಡಕ್ಕೂ ಅದರದೇ ರೂಪ: ದಾಸವಾಳದ್ದು ಮುಳ್ಳಿನ ಚೆಂಡು, ಹುಲ್ಲಿನದ್ದು ಒಂದೇ ತೂತಿನ ನುಣುಪು ಗೋಲಿ, ಅಡಿಕೆಯದ್ದು ಮೈತುಂಬ ಬಲೆ ಹೊದ್ದು ನಡುವೆ ಒಂದು ಸೀಳಿರುವ ಪುಟ್ಟ ದೋಣಿ. ಕೆಸರನ್ನು ಪದರ ಪದರವಾಗಿ ತೆಗೆದು, ಆಮ್ಲದಲ್ಲಿ ಕರಗಿಸಿ, ಕರಗದೆ ಉಳಿದದ್ದನ್ನು ಸೂಕ್ಷ್ಮದರ್ಶಕದಡಿ ಎಣಿಸಿದರೆ ಯಾವ ಕಾಲದಲ್ಲಿ ಅಲ್ಲಿ ಯಾವ ಕಾಡಿತ್ತು ಎಂದು ಹೇಳಬಹುದು.

ಅದರಲ್ಲೂ ದ್ವೀಪದ ಕೆಸರು ಸಿಕ್ಕಿದರೆ ಹಬ್ಬ. ನಾಲ್ಕೂ ಕಡೆ ನೀರಿನ ಕಾಂಪೌಂಡು ಇರುವಲ್ಲಿ ಗಿಡಗಳು ಸುಮ್ಮನೆ ಒಳಬರುವಂತಿಲ್ಲ. ತೇಲಿ ಬರಬೇಕು, ಹಕ್ಕಿಯ ಹೊಟ್ಟೆಯಲ್ಲಿ ಬರಬೇಕು, ಇಲ್ಲವೇ ಮನುಷ್ಯನ ಗಂಟಿನಲ್ಲಿ ಬರಬೇಕು. ಯಾರು ಮೊದಲು ಬಂದರು, ಯಾರು ಯಾರನ್ನು ಹೊರದಬ್ಬಿದರು ಎಂಬುದಕ್ಕೆ ಆ ಕೆಸರೇ ಹಾಜರಿ ಪುಸ್ತಕ.

ನನಗೆ ಈ ವಿದ್ಯೆ ಕಲಿಸಿದವರು ಹೆಬ್ಬಾರ್ ಸರ್. ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಬಂದು, ಕೆಸರಿನಲ್ಲಿ ಕೆಲಸ ಮಾಡಿ, ಅದೇ ಬಿಳಿ ಅಂಗಿಯಲ್ಲಿ ಹಿಂದಿರುಗುತ್ತಿದ್ದ ಪವಾಡಪುರುಷರು. ನಗುವುದನ್ನು ನಾನು ಕಂಡದ್ದಿಲ್ಲ. ನಗಿಸುವುದನ್ನು ಬಹಳ ಕಂಡಿದ್ದೇನೆ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ದ್ವೀಪವೊಂದರ ನೆಲಕ್ಕೆ ಇಳಿಸಿ ತೆಗೆದ ಕೆಸರಿನ ಕೊಳವೆಯನ್ನು ಮೂರು ತಿಂಗಳು ಕೂತು ಎಣಿಸಿ, ನಕ್ಷೆ ಬರೆದು, ಅವರ ಮುಂದೆ ವಿನಯಪೂರ್ವಕವಾಗಿ ಹರಡಿದೆ. ಅವರು ಕನ್ನಡಕ ಏರಿಸಿ ಬುಡದಿಂದ ತುದಿಯವರೆಗೆ ಓದಿದರು.

“ಅಂದರೆ ಈ ದ್ವೀಪಕ್ಕೆ ಮೊದಲು ಮನುಷ್ಯ ಬಂದ. ತೋಟ ಮಾಡಿದ. ಆಮೇಲೆ ನಿಧಾನಕ್ಕೆ ಕಾಡು ಬೆಳೆಸಿದ. ಕಾಡು ದಟ್ಟವಾದ ಮೇಲೆ ತಾನು ಹೊರಟುಹೋದ.”

“ಹೌದು ಸರ್.”

“ಬಹಳ ಒಳ್ಳೆಯ ಮನುಷ್ಯ. ಇಂಥವರು ಈಗ ಸಿಗುವುದಿಲ್ಲ. ಇನ್ನು ಕೊಳವೆಯನ್ನು ತಿರುಗಿಸಿ ಓದು.”

ಮೇಲೆ ಯಾವುದು, ಕೆಳಗೆ ಯಾವುದು ಎಂಬ ಬಾಣದ ಗುರುತನ್ನು ನಾನು ತಲೆಕೆಳಗಾಗಿ ಹಾಕಿದ್ದೆ. ಅಂದಿನಿಂದ ಇಂದಿನವರೆಗೂ ನಾನು ಉಪ್ಪಿನಕಾಯಿ ಭರಣಿಗೂ ಬಾಣದ ಗುರುತು ಹಾಕುತ್ತೇನೆ ಎಂದು ಮನೆಯಲ್ಲಿ ದೂರು ಉಂಟು.

ಹಳೆಯ ಕಣ ಯಾವ ಗಿಡದ್ದೆಂದು ತಿಳಿಯಬೇಕಾದರೆ ಇಂದಿನ ಗಿಡಗಳ ಪರಾಗ ಅಂಟಿಸಿದ ಸ್ಲೈಡು ಗಾಜುಗಳು ಕೈಯಲ್ಲಿರಬೇಕು, ಹೋಲಿಸಿ ನೋಡಲು. ಅದಕ್ಕಾಗಿ ನಾನು ಕಾಪುವಿನ ಕಡಲತೀರದಿಂದ ಕಾರ್ಕಳದ ಬಂಡೆಗಳವರೆಗೆ ಹೂ ಕೊಯ್ದಿದ್ದೇನೆ. ಬನ್ನಂಜೆಯಲ್ಲಿ ಒಬ್ಬರು ಹಿರಿಯ ಅಮ್ಮನವರು ಬೇಲಿಯ ಬಳಿಯೇ ಹಿಡಿದರು.

“ದೇವರಿಗೆ ಅಂತ ಹೂ ಕದಿಯುವವರು ಗೊತ್ತುಂಟು. ನೀವು ಎಂತಕ್ಕೆ ಕದಿಯುವುದು?”

“ಹೂ ಬೇಡ ಅಮ್ಮ. ನಡುವಿನ ಕೇಸರ ಮಾತ್ರ ಸಾಕು.”

“ಕೇಸರ ನಿಮಗೆ ಕೊಟ್ಟು ನಾನು ದೇವರಿಗೆ ಎಂತ ಇಡುವುದು, ತೊಟ್ಟಾ?”

ವಾದದಲ್ಲಿ ನನಗೆ ಸೋಲಾಯಿತು. ಆದರೂ ಹೂ ಸಿಕ್ಕಿತು.

ಕ್ರಮೇಣ ಕೆಲಸದ ರೀತಿ ಬದಲಾಯಿತು. ನಾವು ಸೂಕ್ಷ್ಮದರ್ಶಕಕ್ಕೆ ಕನ್ನಡಿ ಕಟ್ಟಿ, ಒಂದೊಂದು ಕಣವನ್ನೂ ಪೆನ್ಸಿಲಿನಲ್ಲಿ ಬಿಡಿಸುತ್ತಿದ್ದೆವು. ಆಮೇಲೆ ಕ್ಯಾಮೆರಾ ಬಂತು. ಈಗ ಕಂಪ್ಯೂಟರಿಗೇ ಗುರುತು ಹಿಡಿಯಲು ಕಲಿಸುತ್ತಿದ್ದಾರೆ. ಅದೊಮ್ಮೆ ಗಾಳಿಗುಳ್ಳೆಯೊಂದನ್ನು ಪೂರ್ಣ ವಿಶ್ವಾಸದಿಂದ ಹುಲ್ಲು ಎಂದು ಘೋಷಿಸಿತು. ಎಲ್ಲರೂ ನಕ್ಕರು. ನಾನು ನಗಲಿಲ್ಲ. ಗಾಳಿಯಲ್ಲಿದ್ದದ್ದನ್ನು ಇತಿಹಾಸವೆಂದು ಘೋಷಿಸಿದ ಕೀರ್ತಿ ಅದಕ್ಕಿಂತ ಮೊದಲು ನನ್ನದು. ಆ ಕಥೆ ಹೇಳಲೆಂದೇ ಇಷ್ಟು ಬರೆದದ್ದು.

ನಿವೃತ್ತಿಗೆ ಇನ್ನೂ ಒಂದೂವರೆ ವರ್ಷವಿರುವಾಗ, ಬಹುಕಾಲ ಅರ್ಜಿ ಹಾಕಿದ ಮೇಲೆ, ಅರಬ್ಬಿ ಸಮುದ್ರದ ಒಂದು ಹವಳದ ದ್ವೀಪಕ್ಕೆ ಹೋಗಲು ನಮಗೆ ಅನುಮತಿ ಸಿಕ್ಕಿತು. ಹಡಗಿನಿಂದ ದೋಣಿಗೆ ಇಳಿದು, ದೋಣಿಯಿಂದ ಸೊಂಟದುದ್ದದ ನೀರಿಗೆ ಇಳಿದು ತಲುಪುವ ಜಾಗ. ಎಲ್ಲಿ ನೋಡಿದರೂ ತೆಂಗು. ದ್ವೀಪದ ನಡುವೆ ಒಂದು ತಗ್ಗಿನಲ್ಲಿ ಕಪ್ಪು ಕೆಸರು. ಕೊಳವೆ ಇಳಿಸಿದೆವು. ಒಂದೇ ಒಂದು ಕೊಳವೆಯಷ್ಟು ಕೆಸರು ಬಂತು, ಅದರ ಕೆಳಗೆ ಹವಳದ ಕಲ್ಲು. ಎರಡನೆಯ ಬಾರಿ ಪ್ರಯತ್ನಿಸುವ ಮೊದಲೇ ಸಮುದ್ರ ಏರಿ ದೋಣಿಯವನು ಸೀಟಿ ಹಾಕಿದ.

ನನ್ನ ಜೊತೆ ಬಂದವಳು ಶ್ವೇತಾ. ನನ್ನ ಕೊನೆಯ ಸಂಶೋಧನ ವಿದ್ಯಾರ್ಥಿನಿ, ಕಾರ್ಕಳದವಳು. ತಂದೆ ಕಲ್ಲಿನಲ್ಲಿ ವಿಗ್ರಹ ಕೆತ್ತುವ ಶಿಲ್ಪಿ. ಅವಳ ಪಿಎಚ್.ಡಿ. ಪ್ರಬಂಧದ ಮುಖ್ಯ ಅಧ್ಯಾಯವೇ ಈ ದ್ವೀಪ. ಅಲ್ಲಿಗೆ ಮತ್ತೆ ಹೋಗುವ ಅನುಮತಿ ನನ್ನ ಆಯುಷ್ಯದಲ್ಲಿ ಸಿಗುವ ಹಾಗಿರಲಿಲ್ಲ, ಅವಳ ವಿದ್ಯಾರ್ಥಿವೇತನದ ಅವಧಿಯಲ್ಲಂತೂ ಇಲ್ಲವೇ ಇಲ್ಲ. ಆದ್ದರಿಂದ ಕೊಳವೆಯನ್ನು ಉದ್ದಕ್ಕೆ ಸೀಳಿ, ಅರ್ಧ ಕೆಲಸಕ್ಕೆ ಇಟ್ಟುಕೊಂಡು, ಉಳಿದರ್ಧವನ್ನು ಫ್ರಿಜ್ಜಿನಲ್ಲಿ ಕಾದಿಟ್ಟೆವು. ಒಮ್ಮೆ ಆಮ್ಲಕ್ಕೆ ಹಾಕಿದ ಕೆಸರು ಮತ್ತೆ ಕೆಸರಾಗುವುದಿಲ್ಲವಷ್ಟೆ.

ಮೇಲಿನ ಪದರಗಳನ್ನು ಶ್ವೇತಾ ಆಗಸ್ಟಿನಲ್ಲೇ ಮುಗಿಸಿದಳು. ತೆಂಗು, ಹುಲ್ಲು, ಕಳೆಗಿಡ, ಜೊತೆಗೆ ಇದ್ದಿಲಿನ ಚೂರುಗಳು. ಮನುಷ್ಯ ವಾಸದ ಲಕ್ಷಣಗಳು, ಆಶ್ಚರ್ಯವೇನಿಲ್ಲ. ತಳದ, ಅತ್ಯಂತ ಹಳೆಯ ಆರು ಮಾದರಿಗಳು ಉಳಿದಿದ್ದವು. ನವರಾತ್ರಿಗೆ ಅವಳು ಊರಿಗೆ ಹೋದಳು. “ಇದನ್ನು ನಾನೇ ಮಾಡುತ್ತೇನೆ” ಎಂದೆ. ಗುರುವಿನ ಅನುಗ್ರಹ ಎಂಬ ಭಾವವಿತ್ತು.

ಇಲ್ಲಿ ನಮ್ಮ ಪ್ರಯೋಗಾಲಯದ ಸಹಾಯಕ ವಾಸಣ್ಣನವರ ವಿಷಯ ಹೇಳಬೇಕು. ಮನೆ ಆದಿ ಉಡುಪಿ. ಬಾಟಲಿ ತೊಳೆಯುವುದರಲ್ಲಿ ಅವರಿಗೆ ಸಮಾನರಿಲ್ಲ, ಆಯುಧಪೂಜೆಯಲ್ಲಂತೂ ಅವರು ನಮ್ಮ ಕುಲಪುರೋಹಿತರು. ಸೂಕ್ಷ್ಮದರ್ಶಕಕ್ಕೆ ಕುಂಕುಮ, ತಕ್ಕಡಿಗೆ ಗಂಧ, ಆಮ್ಲದ ಹೊಗೆ ಎಳೆಯುವ ಗಾಜಿನ ಕಪಾಟಿಗೆ ಸೇವಂತಿಗೆ ಮಾಲೆ. ಆ ವರ್ಷ ಅವರ ಅಳಿಯನ ತೋಟದಿಂದ ಹಿಂಗಾರ ಬಂದಿತ್ತು. ಹಾಳೆ ಒಡೆದು ಆಗಷ್ಟೇ ಬಿರಿದ ಅಡಿಕೆಯ ಹೂಗೊನೆ. ನಮ್ಮ ಕಡೆ ನಾಗನಿಗೂ ದೈವಕ್ಕೂ ಅದಿಲ್ಲದೆ ಆಗುವುದಿಲ್ಲ. ಯಂತ್ರಗಳಿಗೆ ಕಡಿಮೆ ಮಾಡುವುದುಂಟೇ? ಕಪಾಟಿನ ನೆತ್ತಿಯ ಮೇಲೆ ಒಂದು, ಆಮ್ಲದ ಗಾಜಿನ ಕೊಳವೆಗಳನ್ನು ಗಿರಗಿರ ತಿರುಗಿಸುವ ಸೆಂಟ್ರಿಫ್ಯೂಜಿನ ಮುಚ್ಚಳದ ಮೇಲೆ ಒಂದು.

“ಹೇಗುಂಟು ಸರ್?”

“ಮದುವೆ ಮಂಟಪ ವಾಸಣ್ಣ.”

ಪೂಜೆಯಾದ ಮೇಲೆ ಯಂತ್ರ ಮುಟ್ಟುವ ಹಾಗಿಲ್ಲ. ಮರುದಿನ ವಿಜಯದಶಮಿ, ಹೊಸ ಕೆಲಸ ಶುರುಮಾಡಲು ಪ್ರಶಸ್ತ ದಿನ. ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸುವ ದಿನವೇ ನಾನು ತಳದ ಆರು ಮಾದರಿಗಳನ್ನು ಗಾಜಿನ ಕೊಳವೆಗೆ ಹಾಕಿದೆ. ಪ್ರಸಾದದ ಹೂವನ್ನು ಭಕ್ತಿಯಿಂದ ಪಕ್ಕಕ್ಕೆ ಸರಿಸಿದೆ. ಒರೆಸಲಿಲ್ಲ. ಸೆಕೆ ಇತ್ತು, ಫ್ಯಾನ್ ಹಾಕಿದೆ.

ವಾರ ಕಳೆದು ಎಣಿಸಲು ಕೂತವನಿಗೆ ಮೊದಲ ಗಾಜಿನಲ್ಲೇ ಬಲೆ ಹೊದ್ದ ಪುಟ್ಟ ದೋಣಿ ಕಂಡಿತು. ಅಡಿಕೆ! ಎರಡನೆಯದರಲ್ಲೂ ಅಡಿಕೆ. ಆರರಲ್ಲೂ. ಕುರ್ಚಿಯಲ್ಲಿ ಕೂರಲಾಗಲಿಲ್ಲ. ಅಡಿಕೆ ಸಮುದ್ರದಲ್ಲಿ ತೇಲಿಬಂದು ತಾನಾಗಿ ದ್ವೀಪ ಹತ್ತುವ ಮರವಲ್ಲ, ಮನುಷ್ಯನೇ ತಂದು ನೆಡಬೇಕು. ಅಂದರೆ ಎಲ್ಲರೂ ಅಂದುಕೊಂಡಿದ್ದಕ್ಕಿಂತ ಎಷ್ಟೋ ಹಿಂದೆ, ಯಾರೋ ನಾವಿಕರು ಬಿತ್ತಲು ಬಲಿತ ಅಡಿಕೆ ಗೋಟು ಹೊತ್ತು ಅಲ್ಲಿಗೆ ಹೋಗಿ, ತೋಟ ಮಾಡಿ, ಕಣ್ಮರೆಯಾಗಿದ್ದಾರೆ! ನಾನು ಮಣಿಪಾಲದ ಒಂದು ವಿಚಾರಸಂಕಿರಣದಲ್ಲಿ ಗಂಭೀರವಾಗಿ ಘೋಷಿಸಿದೆ. ಪತ್ರಿಕೆಯಲ್ಲಿ ನನ್ನ ಭಾವಚಿತ್ರ ಬಂತು. ಆದಿ ಉಡುಪಿಯ ಮಾರುಕಟ್ಟೆ ಪ್ರಾಂಗಣದಿಂದ ಅಡಿಕೆ ವ್ಯಾಪಾರಿಯೊಬ್ಬರು ಫೋನ್ ಮಾಡಿದರು.

“ಸರ್, ಒಂದು ಸಂಶಯ. ಆ ದ್ವೀಪದಲ್ಲಿ ಇದ್ದದ್ದು ಒಣಗಿಸಿದ ಚಾಲಿಯಾ, ಬೇಯಿಸಿದ ಕೆಂಪಡಿಕೆಯಾ?”

“ಪರಾಗದಿಂದ ಅದು ತಿಳಿಯುವುದಿಲ್ಲ.”

“ಅಷ್ಟು ಗೊತ್ತಾಗದಿದ್ದರೆ ಎಂತ ಸಂಶೋಧನೆ ಮಾರಾಯ್ರೆ!”

ಶ್ವೇತಾ ಮಾತ್ರ ಸಂಭ್ರಮಿಸಲಿಲ್ಲ. ಒಂದು ಮಧ್ಯಾಹ್ನ ನನ್ನ ಎಣಿಕೆಯ ಪಟ್ಟಿ ಹಿಡಿದು ಎದುರು ನಿಂತಳು.

“ಸರ್, ಆರು ಮಾದರಿಯಲ್ಲಿ ಬೇರೆ ಎಲ್ಲಾ ಗಿಡಗಳು ಒಂದರಲ್ಲಿ ಹೆಚ್ಚು, ಒಂದರಲ್ಲಿ ಕಡಿಮೆ. ಅಡಿಕೆ ಮಾತ್ರ ಆರರಲ್ಲೂ ಹೆಚ್ಚುಕಡಿಮೆ ಒಂದೇ ಲೆಕ್ಕ.”

“ಹಾಗಾದರೆ ತೋಟ ಚೆನ್ನಾಗಿ ನೋಡಿಕೊಂಡಿದ್ದಾರೆ.”

“ಅಷ್ಟೂ ಕಾಲವಾ? ಮತ್ತೆ ಇದ್ದಿಲು ಒಂದು ಚೂರೂ ಇಲ್ಲ. ಅಡಿಕೆ ತೋಟ ಮಾಡಿದವರು ಒಲೆ ಹಚ್ಚಲಿಲ್ಲವಾ ಸರ್? ಅನ್ನ ಎಲ್ಲಿ ಬೇಯಿಸಿದರು?”

“ಅಕ್ಕಿ ಇರಲಿಲ್ಲವೋ ಏನೋ.”

“ಎಲೆಅಡಿಕೆ ತಿಂದೇ ಬದುಕಿದರಾ?” ಅವಳು ನಗಲಿಲ್ಲ. “ಖಾಲಿ ಕೊಳವೆ ಒಂದು ಜೊತೆಗೆ ಹಾಕಿದ್ದಿರಾ ಸರ್?”

ಖಾಲಿ ಕೊಳವೆ ಎಂದರೆ ಕೆಸರು ಹಾಕದೆ, ಬರಿಯ ಆಮ್ಲ-ನೀರುಗಳನ್ನೇ ಅದೇ ಕ್ರಮದಲ್ಲಿ ಸಾಗಿಸುವುದು. ಅದರಲ್ಲಿ ಪರಾಗ ಕಂಡರೆ ಅದು ಕೋಣೆಯದ್ದು, ಕೆಸರಿನದ್ದಲ್ಲ. ಇದನ್ನು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವನು ನಾನು. ಹಬ್ಬದ ದಿನ ಆಮ್ಲ ದಂಡ ಯಾಕೆಂದು ಹಾಕಿರಲಿಲ್ಲ.

“ನನ್ನ ಕೈಯ ಮೇಲೆ ಸಂಶಯವಾ?” ಎಂದೆ. ದನಿ ಸ್ವಲ್ಪ ಎತ್ತರವೇ ಇತ್ತು.

“ಕೈಯ ಮೇಲಲ್ಲ ಸರ್. ತಾರೀಖಿನ ಮೇಲೆ.”

ಪ್ರಯೋಗದ ಪುಸ್ತಕ ತೆಗೆದಳು. ಆ ಪುಟದ ತಲೆಯಲ್ಲಿ ನಾನೇ ‘ಶ್ರೀ’ ಬರೆದು, ಕುಂಕುಮದ ಬೊಟ್ಟಿಟ್ಟು, ‘ವಿಜಯದಶಮಿ’ ಎಂದು ನಮೂದಿಸಿದ್ದೆ. ಶಾಸ್ತ್ರೋಕ್ತ ಸಾಕ್ಷ್ಯ. ಅವಳು ಕುರ್ಚಿ ಹತ್ತಿ ಗಾಜಿನ ಕಪಾಟಿನ ನೆತ್ತಿಯನ್ನು ಒಂದು ಒದ್ದೆ ಹತ್ತಿಯಿಂದ ಒರೆಸಿ, ಆ ಧೂಳನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟಳು. ನೋಡಿದೆ. ಪುಟ್ಟ ದೋಣಿಗಳ ಜಾತ್ರೆ. ಮಲ್ಪೆ ಬಂದರಿನಲ್ಲೂ ಅಷ್ಟು ದೋಣಿ ಒಟ್ಟಿಗೆ ಕಂಡಿಲ್ಲ.

ನನ್ನ ಪುರಾತನ ನಾವಿಕರು ಆ ಕ್ಷಣದಲ್ಲಿ ಸಮುದ್ರದ ಪಾಲಾದರು.

ಇದನ್ನು ಓದುವ ಎಳೆಯರಿಗೆ ಸತ್ಯ ಹೇಳಬೇಕು: ನಾನು ಕೂಡಲೇ ಒಪ್ಪಲಿಲ್ಲ. ಮೂರು ದಿನ ಬೇರೆ ಬೇರೆ ಕಾರಣ ಹುಡುಕಿದೆ. ಕೆಲವು ಕಣಗಳಾದರೂ ಹಳೆಯವಿರಬಹುದಲ್ಲ ಎಂದೆ. ನಿವೃತ್ತಿಗೆ ಕೆಲವೇ ತಿಂಗಳಿವೆ, ಈಗ ಹೇಳಿದ್ದನ್ನು ನುಂಗುವುದು ಹೇಗೆ ಎಂಬುದೇ ನಿಜವಾದ ಕಾರಣ. ನಾಲ್ಕನೆಯ ದಿನ ಅವಳು ಬಂದು, ನಿಂತೇ ಹೇಳಿದಳು.

“ಸರ್, ಅಪ್ಪ ಮೂರ್ತಿಯ ಮೂಗು ಕೆತ್ತುವಾಗ ಕಲ್ಲಲ್ಲಿ ಬಿರುಕು ಕಂಡರೆ ಅಲ್ಲಿಗೇ ನಿಲ್ಲಿಸ್ತಾರೆ. ಆರು ತಿಂಗಳ ಕೆಲಸ ಆಗಿದ್ದರೂ ಸರಿ. ಅಂಟು ಹಾಕಿ ಕೊಡುವವರೂ ಇದ್ದಾರೆ. ಅಪ್ಪ ಕೊಡುವುದಿಲ್ಲ. ಈ ಅಡಿಕೆಯನ್ನು ನಾನು ಪ್ರಬಂಧದಲ್ಲಿ ಬರೆಯುವುದಿಲ್ಲ. ಅಧ್ಯಾಯ ಹೋದರೆ ಹೋಗಲಿ.”

ಅಧ್ಯಾಯ ಹೋದರೆ ಪ್ರಬಂಧವೇ ಹೋದಂತೆ ಎಂದು ಇಬ್ಬರಿಗೂ ಗೊತ್ತಿತ್ತು. ಅಂದು ಸಂಜೆ ವಿಚಾರಸಂಕಿರಣದವರಿಗೂ ಪತ್ರಿಕೆಗೂ ಕಾಗದ ಬರೆದೆ: ‘ದ್ವೀಪದ ಅಡಿಕೆ ದ್ವೀಪದ್ದಲ್ಲ, ನಮ್ಮ ಪೂಜೆಯದ್ದು. ತಪ್ಪು ನನ್ನದು.’ ಪತ್ರಿಕೆಯವರು ಅದನ್ನು ಕಳೆದುಹೋದ ಪಾಸ್‌ಪೋರ್ಟಿನ ಪ್ರಕಟಣೆಯ ಕೆಳಗೆ ಎರಡು ಸಾಲಿನಲ್ಲಿ ಹಾಕಿದರು. ಆ ಅಡಿಕೆ ವ್ಯಾಪಾರಿ ಅದನ್ನೂ ಓದಿ ಮತ್ತೆ ಫೋನ್ ಮಾಡಿದರು.

“ಅಡಿಕೆ ಇರಲಿಲ್ಲವಂತೆ ಸರ್?”

“ಇರಲಿಲ್ಲ.”

“ಪಾಪ. ಮತ್ತೆ ಅಲ್ಲಿ ಎಂತ ಇತ್ತು?”

“ಹುಡುಕುತ್ತೇವೆ.”

ವಾಸಣ್ಣ ಎರಡು ದಿನ ನನ್ನ ಕೋಣೆಗೆ ಕಾಲಿಡಲಿಲ್ಲ. ಮೂರನೆಯ ದಿನ ಬಾಗಿಲಲ್ಲಿ ನಿಂತು, “ನನ್ನಿಂದಲಾ ಸರ್ ಇದು?” ಎಂದರು.

“ಇಲ್ಲ ವಾಸಣ್ಣ. ನೀವು ಮಾಡಿದ್ದು ಪೂಜೆ. ಮರುದಿನ ಒರೆಸದೆ ಶುರುಮಾಡಿದ್ದು ನಾನು.”

ಅವರು ಒಳಗೆ ಬಂದರು. “ಆದರೂ ದೇವರಿಗೆ ಇಟ್ಟದ್ದು ಪೇಪರಿನಲ್ಲಿ ಫೋಟೊ ಸಮೇತ ಬಂತಲ್ಲ ಸರ್. ಎಲ್ಲರಿಗೂ ಆಗುವಂಥದ್ದಲ್ಲ.”

ಉಳಿದದ್ದು ಫ್ರಿಜ್ಜಿನಲ್ಲಿದ್ದ ಅರ್ಧ ಕೊಳವೆ. ಕೂಡಲೇ ಕೈಹಾಕುವಂತಿರಲಿಲ್ಲ. ಬೇಸಗೆಯಲ್ಲಿ ನಮ್ಮ ಕಡೆಯ ಗಾಳಿಯೆಂದರೆ ಪರಾಗದ ಸಾರು. ಮಳೆಗಾಲ ಹಿಡಿಯಲಿ, ಆಕಾಶವೇ ಗಾಳಿಯನ್ನು ತೊಳೆದುಕೊಡುತ್ತದೆ ಎಂದು ಕಾದೆವು. ಜುಲೈ ಕೊನೆಗೆ ನನ್ನ ನಿವೃತ್ತಿ. ಜೂನ್ ಕಳೆಯಿತು. ಒಂದು ವಾರ ಎಡೆಬಿಡದೆ ಸುರಿದ ಮೇಲೆ ಕೋಣೆಯ ಗೋಡೆ, ಫ್ಯಾನಿನ ರೆಕ್ಕೆ, ಕಪಾಟಿನ ನೆತ್ತಿ ಎಲ್ಲವನ್ನೂ ವಾಸಣ್ಣ ಮೂರು ಬಾರಿ ತೊಳೆದರು. ಕಿಟಕಿ ಮುಚ್ಚಿದೆವು, ಫ್ಯಾನ್ ಬಂದ್. ತಲೆಗೆ ಟೋಪಿ, ಮೈಗೆ ಒಗೆದ ಕೋಟು, ಒಳಗೆ ಇಬ್ಬರೂ ಬೆವರಿನಲ್ಲಿ ಬೆಂದ, ಎಲೆ ಸುತ್ತಿದ ಮೂಡೆ ಇಡ್ಲಿಗಳು. ವಾಸಣ್ಣ ಬಾಗಿಲ ಹೊರಗೆ ಸ್ಟೂಲ್ ಹಾಕಿ ಕೂತು, ಮುಡಿಯಲ್ಲಿ ಮಲ್ಲಿಗೆ ಇದ್ದವರನ್ನು ಕಾರಿಡಾರಿನ ತುದಿಯಿಂದಲೇ ಹಿಂದಕ್ಕೆ ಕಳಿಸುತ್ತಿದ್ದರು.

ತಳದ ಪದರಗಳ ಜೊತೆಗೆ ಶ್ವೇತಾ ಇನ್ನೊಂದು ಜಾಗ ಆರಿಸಿದಳು. ಅವಳ ಮೇಲಿನ ಮಾದರಿಗಳಿಗೂ ನನ್ನ ಕೆಳಗಿನ ಮಾದರಿಗಳಿಗೂ ನಡುವೆ ನಾವಿಬ್ಬರೂ ಮುಟ್ಟದೆ ಬಿಟ್ಟಿದ್ದ ನಾಲ್ಕು ಬೆರಳಗಲದ ಕೆಸರು. ಮೇಲೆ ಎಲ್ಲೆಲ್ಲೂ ಇದ್ದಿಲು, ಕೆಳಗೆ ಎಲ್ಲೂ ಇಲ್ಲ. ಹಾಗಾದರೆ ಬೆಂಕಿ ಶುರುವಾದದ್ದು ಈ ನಾಲ್ಕು ಬೆರಳಿನಲ್ಲೇ. ಅದನ್ನು ಬ್ಲೇಡಿನಿಂದ ದೋಸೆಗಿಂತ ತೆಳ್ಳಗೆ ಕೊಯ್ದಳು. ಕೈ ತಪ್ಪಿದರೆ ಮತ್ತೆ ಕೆಸರಿಲ್ಲ. ಈ ಸಲ ಎರಡು ಖಾಲಿ ಕೊಳವೆ.

ಮೊದಲು ನೋಡಿದ್ದು ಆ ಖಾಲಿಗಳನ್ನೇ. ಗಾಜಿನ ಒಂದು ಅಂಚಿನಿಂದ ಇನ್ನೊಂದು ಅಂಚಿನವರೆಗೆ ಸಾಲು ಸಾಲಾಗಿ ಹುಡುಕಿದೆವು. ಏನೂ ಇಲ್ಲ. ಶೂನ್ಯ ಕಂಡು ನಾನು ಅಷ್ಟು ಖುಷಿಪಟ್ಟದ್ದು ಜೀವನದಲ್ಲಿ ಅದೊಂದೇ ಬಾರಿ.

ಆಮೇಲೆ ತಳದ ಪದರ. ಅಡಿಕೆ ಇಲ್ಲ, ಒಂದೂ ಇಲ್ಲ. ಹೊನ್ನೆ! ರಾಶಿ ರಾಶಿ ಹೊನ್ನೆ. ನಮ್ಮ ಕಡಲತೀರದಲ್ಲಿ ಕಾಯಿ ಉದುರಿಸಿಕೊಂಡು ನಿಲ್ಲುತ್ತದಲ್ಲ, ಹಿಂದೆ ದೀಪಕ್ಕೆ ಎಣ್ಣೆ ತೆಗೆಯುತ್ತಿದ್ದರಲ್ಲ, ಅದೇ ಹೊನ್ನೆ. ಅದರ ನಡುನಡುವೆ ಮೂಡೆಗೆ ಎಲೆ ಕೊಡುವ, ಕೇದಗೆಯ ಬಳಗದ ಮುಂಡೇವು, ಜೊತೆಗೆ ಜರಿಗಿಡ. ಇಂದು ಒಂದೂ ಹೊನ್ನೆ ಮರವಿಲ್ಲದ ಆ ದ್ವೀಪ ಒಂದು ಕಾಲಕ್ಕೆ ಹೊನ್ನೆಯ ಕಾಡು. ಅಲೆಯ ಮೇಲೆ ತೇಲಿಬಂದ ಕಾಯಿಗಳಿಂದ ಎದ್ದ, ಯಾರೂ ನೋಡಿರದ ಕಾಡು. ನನ್ನ ನಕಲಿ ಅಡಿಕೆ ತೋಟಕ್ಕಿಂತ ಎಷ್ಟು ಚೆಂದ! ಕಳೆದ ಸಲವೂ ಈ ಕಣಗಳು ಗಾಜಿನಲ್ಲಿದ್ದವು, ನಾನೇ ಎಣಿಸಿದ್ದೆ, ಪಟ್ಟಿಯಲ್ಲಿ ಬರೆದಿದ್ದೆ. ಅಡಿಕೆಯ ಅಮಲಿನಲ್ಲಿ ಅತ್ತ ತಿರುಗಿ ನೋಡಿರಲಿಲ್ಲ.

ಕೊನೆಗೆ ಆ ನಾಲ್ಕು ಬೆರಳು. ಜುಲೈ ಇಪ್ಪತ್ತೊಂಬತ್ತು, ಬೆಳಿಗ್ಗೆ. ಹೊರಗೆ ಮಳೆ ಎಂದರೆ ಮಳೆ. ಶ್ವೇತಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕೆಳಗಿನಿಂದ ಒಂದೊಂದೇ ಪದರ ಏರುತ್ತಾ ಬಂದಳು. “ಹೊನ್ನೆ. ಹೊನ್ನೆ. ಮುಂಡೇವು. ಹೊನ್ನೆ...” ನಾನು ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದೆ. ಐದನೆಯ ಗಾಜಿನಲ್ಲಿ ಅವಳ ದನಿ ನಿಂತಿತು.

“ಎಂತ?”

ಅವಳು ಸೂಕ್ಷ್ಮದರ್ಶಕದ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು.

“ಎಂತ ಮಾರಾಯ್ತಿ, ಹೇಳು!”

“ಇದ್ದಿಲು ಸರ್. ಒಂದು ಚೂರು.” ಗಾಜನ್ನು ಸ್ವಲ್ಪ ಸರಿಸಿ, “ಎರಡು. ಇಲ್ಲಿ ಮತ್ತೊಂದು. ಪಕ್ಕದಲ್ಲೇ ಹುಲ್ಲು ಶುರುವಾಗಿದೆ.” ತಲೆ ಎತ್ತದೆ, ಯಾರಿಗೋ ಕೇಳಿಸೀತೆಂಬಂತೆ ಪಿಸುಗುಟ್ಟಿದಳು: “ಸರ್, ಇಲ್ಲಿ ಯಾರೋ ಇಳಿದಿದ್ದಾರೆ.”

ಆ ಹೊನ್ನೆಯ ಕಾಡಿನ ಅಂಚಿನಲ್ಲಿ ದೋಣಿ ಎಳೆದು, ಮೊದಲ ಬಾರಿಗೆ ಬೆಂಕಿ ಹಚ್ಚಿದವರ ಹೊಗೆ ನನ್ನ ಮೂಗಿಗೇ ತಾಗಿದ ಹಾಗಾಯಿತು. ಎದ್ದು ಅವಳ ಕುರ್ಚಿಯ ಹಿಂದೆ ನಿಂತೆ. ಪದ್ಧತಿಯ ಪ್ರಕಾರ ವಿದ್ಯಾರ್ಥಿ ಎದ್ದು ಗುರುಗಳಿಗೆ ಜಾಗ ಕೊಡಬೇಕು. ನಾನೂ ಮೂವತ್ತು ವರ್ಷ ಹಾಗೆಯೇ ಎಬ್ಬಿಸಿ ಕೂತವನು.

“ಸ್ವಲ್ಪ ನಾನು ನೋಡಲಾ?” ಎಂದೆ.

“ಒಂದು ನಿಮಿಷ ಸರ್, ತಡೀರಿ,” ಎಂದಳು, ಕಣ್ಣು ತೆಗೆಯಲಿಲ್ಲ. “ಇನ್ನೂ ಬರ್ತಾ ಇದ್ದಾರೆ.”

ಕಾಲು ಗಂಟೆ ನಿಂತೆ. ಕಾಲು ನೋಯಲಿಲ್ಲ.